ಎದುರು ದಿಬ್ಬದ ಕೂಗು

ಕುರುಚಲು ಗುಡ್ಡದಲ್ಲಿ ಒಂದೇ ಒಂದು ತೋಳ ಉಳಿದಿತ್ತು. ಅದರ ಹಿಂಡೆಲ್ಲ ರೋಗ ಬಂದು ಸತ್ತುಹೋಗಿತ್ತು. ಒಂದು ಮುಂಜಾನೆ ಎದುರು ದಿಬ್ಬದಿಂದ ಊಳಿಡುವ ದನಿ ಕೇಳಿತು. ತೋಳ ತಟ್ಟನೆ ಎದ್ದು ಓಗೊಟ್ಟಿತು.

ದಿಬ್ಬದ ಕಡೆಯಿಂದಲೇ ಬಂದ ನರಿ ಹೇಳಿತು: "ಅಣ್ಣಾ, ಅದು ತೋಳವಲ್ಲ. ವನ್ಯಜೀವಿ ಸಂರಕ್ಷಣೆಯಲ್ಲಿ ಎಂ.ಎಸ್ಸಿ. ಓದುವ ಕಸ್ತೂರಿ ಎಂಬ ಹುಡುಗಿ. ಇಲ್ಲಿ ಎಷ್ಟು ತೋಳಗಳಿವೆ ಎಂದು ತಿಳಿಯಲು ಹಾಗೆ ಕೂಗುತ್ತಾಳೆ."

"ಕೇಳಿದಾಗಲೇ ಗೊತ್ತಾಯಿತು. ಅವಳ ದನಿ ಕೊನೆಯಲ್ಲಿ ಒಡೆಯುತ್ತದೆ."

"ಮತ್ತೇಕೆ ಓಗೊಟ್ಟೆ? ನೀನಿರುವ ಜಾಗ ಮನುಷ್ಯರಿಗೆ ತಿಳಿದುಬಿಡುತ್ತದೆ."

"ಮಳೆಗಾಲದಿಂದ ಒಬ್ಬನೇ ಕೂಗುತ್ತಿದ್ದೇನೆ ತಮ್ಮಾ. ಈಗ ಯಾರೋ 'ಇದ್ದೀಯಾ' ಎಂದು ಕೇಳಿದರು. ಇದ್ದೇನೆ ಎನ್ನದೆ ಹೇಗಿರಲಿ?"

ಕಸ್ತೂರಿ ಹತ್ತು ದಿನ ಬಂದಳು. ದಿನವೂ ಒಂದೇ ದನಿ ಕೇಳಿ, ತನ್ನ ಪುಸ್ತಕದಲ್ಲಿ 'ಒಂದು' ಎಂದು ಬರೆದುಕೊಂಡಳು. ಅಲ್ಲಿಗೆ ಅವಳ ಅಧ್ಯಯನ ಮುಗಿಯಿತು, ಹೊರಟುಹೋದಳು.

ಹನ್ನೊಂದನೆಯ ಮುಂಜಾನೆ ತೋಳ ತಾನೇ ಕೂಗಿತು. ಉತ್ತರ ಬರಲಿಲ್ಲ. ಮತ್ತೆ ಕೂಗಿತು. ನರಿಗೆ ಕೇಳಿಸಿಕೊಂಡು ಕೂರಲಾಗಲಿಲ್ಲ. ಅದು ದಿಬ್ಬದ ಆಚೆಗೆ ಓಡಿ, ಕತ್ತೆತ್ತಿ, ತನಗೆ ಬಂದಷ್ಟು ದಪ್ಪ ದನಿಯಲ್ಲಿ ಊಳಿಟ್ಟಿತು.

ಅದು ನರಿಯೆಂದು ತೋಳಕ್ಕೆ ಮೊದಲ ಉಸಿರಿಗೇ ತಿಳಿಯಿತು. ಆದರೂ ಕಿವಿ ನಿಮಿರಿಸಿ, ಕೊನೆಯವರೆಗೂ ಕೇಳಿ, ಓಗೊಟ್ಟಿತು.