ಮಾಯಣ್ಣ ಇಂಗುಗುಂಡಿ ತೆಗೆದದ್ದು

ಊರಿನ ಹೆಸರು ಮಾತ್ರ ಕೇಳ್ಬೇಡಿ, ಹೇಳಿದ್ರೆ ಆ ಊರೋರು ನನ್ನನ್ನೇ ಹುಡುಕ್ಕೊಂಡು ಬರ್ತಾರೆ. ಅಲ್ಲಿ ಜವರಮ್ಮ ಅಂತ ಒಬ್ಬಳು, ಅವಳಿಗೆ ಮಾಯಣ್ಣ ಅಂತ ಒಬ್ಬನೇ ಮಗ. ಆಳು ನೋಡಿದ್ರೆ ಬಾಗಿಲು ತುಂಬ ಇದ್ದಾನೆ, ತಲೆ ಮಾತ್ರ ಖಾಲಿ. "ಬಾಗಿಲು ನೋಡ್ಕೊಂಡಿರ್ಲಾ" ಅಂದ್ರೆ ಬಾಗಿಲನ್ನೇ ದಿಟ್ಟಿಸ್ತಾ ಕೂರೋನು. ಹಿತ್ತಿಲ ಕಡೆಯಿಂದ ನಾಯಿ ಬಂದು ಮುದ್ದೆ ತಿಂದ್ಕೊಂಡು ಹೋಗೋದು.

"ಅಯ್ಯೋ ನನ್ನ ಹಣೆಬರಹವೇ! ನಿಂಗೆ ಯಾರ್ಲಾ ಹೆಣ್ಣು ಕೊಡ್ತಾರೆ!"

ಕೊಡೋನು ಒಬ್ಬನೇ ಇದ್ದ, ಜವರಮ್ಮನ ಅಣ್ಣ ಹೊಂಬಾಳಯ್ಯ. ಅವನ ಮಗಳು ಮಣಿ ಅಂದ್ರೆ ಮಾಯಣ್ಣಂಗೆ ಪಂಚಪ್ರಾಣ. ಹೊಂಬಾಳಯ್ಯನ ಕಸುಬು ಮಣ್ಣು ನೋಡೋದು. ರಾಗಿ ಹೊಲಾನೆಲ್ಲ ತುಂಡು ಮಾಡಿ ಸೈಟು ಅಂತ ಮಾರ್ತಾರಲ್ಲ, ಅಲ್ಲಿಗೆ ಒಳಚರಂಡಿ ಎಲ್ಲಿಂದ ಬರ್ಬೇಕು? ಮನೆಗೊಂದು ಕಕ್ಕಸು, ಕಕ್ಕಸಿಗೊಂದು ಗುಂಡಿ. ಗುಂಡಿಯ ನೀರನ್ನ ನೆಲ ಕುಡಿದ್ರೆ ಸರಿ. ಕುಡೀಲಿಲ್ಲ ಅಂದ್ರೆ ನೀವು ಹಿತ್ತಿಲಲ್ಲಿ ಬಿಟ್ಟದ್ದು ಜಗಲಿಗೇ ಬಂದು ನಮಸ್ಕಾರ ಹೇಳ್ತದೆ! ಅದಕ್ಕೇ ಮನೆ ಕಟ್ಟೋ ಮುಂಚೆ ಹೊಂಬಾಳಯ್ಯ ಬಂದು, ಈ ಮಣ್ಣು ಕಕ್ಕಸಿಗೆ ಆಗ್ತದೆ, ಈ ಮಣ್ಣು ಆಗಲ್ಲ ಅಂತ ಹೇಳ್ಬೇಕು.

"ನಿನ್ನ ಮಗ ನನ್ನ ಕಸುಬು ಕಲೀಲಿ ಜವರಿ, ಮಣೀನ ಕೊಡ್ತೀನಿ" ಅಂದ ಅಣ್ಣ.

ಜವರಮ್ಮ ಮಗನ ಕಿವಿ ಹಿಂಡಿದಳು. "ಮಾವ ಏನು ಹೇಳ್ತಾನೋ ಅದನ್ನೇ ಮಾಡು. ಒಂದು ಚೂರೂ ಹೆಚ್ಚುಕಮ್ಮಿ ಆಗ್ಬಾರ್ದು!"

"ಆಗಲ್ಲ ಕಣವ್ವಾ!"

ಮಾವ ಹೇಳಿದ: "ಮೂಲೆ ಸೈಟಿಗೆ ಹೋಗಿ ಗುಂಡಿ ತೆಗೆದಿಟ್ಟಿರು. ನಾನು ಕಾಫಿ ಕುಡ್ದು ಬತ್ತೀನಿ."

ಬಂದು ನೋಡ್ತಾನೆ, ಮಾಯಣ್ಣ ಎದೆ ಬಿಟ್ಕೊಂಡು ನಿಂತವ್ನೆ! ಅಂಗಿ ಗುಂಡಿ ಒಂದೂ ಬಿಡದೆ ಕಿತ್ತು ಕಲ್ಲಿನ ಮೇಲೆ ಸಾಲಾಗಿ ಜೋಡಿಸವ್ನೆ.

"ತೆಗೆದಿಟ್ಟಿದ್ದೀನಿ ಮಾವ!"

"ಥೂ ನಿನ್ನ! ಅಂಗಿದಲ್ಲ ಕಣ್ಲಾ, ನೆಲದ್ದು! ಗುದ್ದಲಿ ತಕ್ಕೊಂಡು ಅಗೀಬೇಕು, ತುಂಬ ನೀರು ಹುಯ್ಯಬೇಕು, ಆಮೇಲೆ ಇಂಗ್ಬೇಕು. ತಿಳೀತಾ?"

"ತಿಳೀತು ಮಾವ! ಅಗೀಬೇಕು, ಹುಯ್ಯಬೇಕು, ಇಂಗ್ಬೇಕು!"

ಮಾರನೇ ದಿನ ಅಗೆದ. ಹುಯ್ದ. ಆಮೇಲೆ ಮನೆಗೆ ಓಡಿದ. ಅವ್ವ ಒಲೆ ಮುಂದೆ ಇರ್ಲಿಲ್ಲ. ಇಂಗಿನ ಡಬ್ಬಿ ಎತ್ಕೊಂಡು ಬಂದು ಅಷ್ಟನ್ನೂ ಗುಂಡಿಗೆ ಸುರಿದು, ಕೋಲಲ್ಲಿ ಚೆನ್ನಾಗಿ ತಿರುವಿದ. ಸೈಟೆಲ್ಲ ಘಮ್ಮಂತ ತಿಳಿಸಾರಿನ ವಾಸನೆ!

"ಏನ್ಲಾ ಇದು!"

"ಇಂಗು ಬೇಕು ಅಂದ್ಯಲ್ಲ ಮಾವ! ಸಾಕಾ, ಇನ್ನೊಂಚೂರು ತರ್ಲಾ?"

ಅಷ್ಟರಲ್ಲಿ ಜವರಮ್ಮ ಒಗ್ಗರಣೆ ಸೌಟು ಹಿಡ್ಕೊಂಡೇ ಓಡಿಬಂದಳು. ಹೊಂಬಾಳಯ್ಯ ಅವಳ ಕಡೆ ಕೈ ಮುಗಿದು, ಮಗನ ಕಡೆ ಹಲ್ಲು ಕಡಿದ. "ಲೋ ಪೆದ್ದ ಮುಂಡೇದೇ! ಗುಂಡಿಗೆ ಏನೂ ಹಾಕ್ಬೇಡ. ನೀರು ಹುಯ್ದು ಸುಮ್ನೆ ಕೂತ್ಕೊಂಡು ನೋಡು. ಬೇಗ ಕುಡಿದ್ರೆ ಒಳ್ಳೆ ಮಣ್ಣು, ಕುಡೀಲಿಲ್ಲ ಅಂದ್ರೆ ಕೆಟ್ಟ ಮಣ್ಣು. ಅಷ್ಟೇ!"

"ಅಷ್ಟೇನಾ! ಮೊದ್ಲೇ ಹೇಳ್ಬಾರ್ದಾ ಮಾವ!"

ಮೂರನೇ ಸಲ ನೀರು ಹುಯ್ದು ಸುಮ್ನೆ ಕೂತ. ಎಲ್ಲಿಂದಲೋ ಒಂದು ಎಮ್ಮೆ ಬಂತು. ಓಡಿಸ್ಬೇಕು ಅಂತ ಮಾವ ಹೇಳಿರ್ಲಿಲ್ಲ, ಅದಕ್ಕೇ ಓಡಿಸ್ಲಿಲ್ಲ. ಎಮ್ಮೆ ಸೊರಸೊರ ಅಂತ ಗುಂಡಿ ಖಾಲಿ ಮಾಡಿ, ಅದರೊಳಕ್ಕೇ ಸಗಣಿ ಹಾಕಿ ಹೋಯ್ತು.

"ಕುಡೀತೇನ್ಲಾ?" ಅಂತ ದಾರಿಯಿಂದಲೇ ಕೂಗಿದ ಮಾವ.

"ಕುಡೀತು ಮಾವ! ಕಣ್ಣು ಮಿಟುಕಿಸೋದ್ರಲ್ಲಿ!"

"ಭಲೇ! ಒಳ್ಳೆ ಮಣ್ಣು!" ಸೈಟಿನೋರಿಗೆ ಹಾಗೇ ಹೇಳಿಯೂ ಬಿಟ್ಟ. ಸೈಟಿನೋರು ನೀರು ಹುಯ್ದು ನೋಡ್ತಾರೆ, ಬರೀ ಜೇಡಿ! ಬೆಳಿಗ್ಗೆ ಹುಯ್ದ ನೀರಲ್ಲಿ ಸಂಜೆಗೆ ಕಪ್ಪೆ ವಟಗುಟ್ತಾವೆ. ಬಂದು ಹೊಂಬಾಳಯ್ಯಂಗೆ ಮುಖದ ನೀರಿಳಿಸಿ ಹೋದರು.

"ಲೋ, ಯಾರ್ಲಾ ಕುಡಿದದ್ದು?"

"ಎಮ್ಮೆ!"

"ಯಾಕ್ಲಾ ಹೇಳ್ಲಿಲ್ಲ!"

"ಯಾರು ಅಂತ ನೀನು ಕೇಳ್ಲಿಲ್ವಲ್ಲ ಮಾವ!"

ಹೊಂಬಾಳಯ್ಯ ತಲೆ ತಲೆ ಚಚ್ಚಿಕೊಂಡ. "ಇನ್ಮೇಲೆ ಯಾವುದನ್ನೂ ಮೇಲೆಮೇಲೆ ನೋಡಿ ಒಪ್ಪಬೇಡ! ನೀರು ಹುಯ್ಯಿ, ಸುತ್ತ ನಿಂತು ನೋಡು, ಇಂಗಿದ್ರೆ ಹೂಂ ಅನ್ನು, ಇಂಗದಿದ್ರೆ ಯಾರ ಮುಲಾಜೂ ನೋಡದೆ ಆಗಲ್ಲ ಅನ್ನು!"

ಅಲ್ಲಿಗೆ ಮದುವೆ ಮಾತು ಮುಗೀತು ಅಂದ್ಕೊಂಡ್ರಾ? ಜವರಮ್ಮ ಅಣ್ಣನ ಕಾಲು ಹಿಡಿದಳು, ಅತ್ತಳು, ಮೂಗು ಸೀಟಿದಳು. ಒಡಹುಟ್ಟಿದೋನು, ಕರುಳು ಚುರ್ ಅಂತು. "ಆಯ್ತು, ಶಾಸ್ತ್ರಕ್ಕೆ ಹೆಣ್ಣು ನೋಡ್ಕೊಂಡು ಹೋಗಿ" ಅಂದ.

ಮಾಯಣ್ಣ ಗುದ್ದಲಿ ಹೆಗಲಿಗೆ ಹಾಕ್ಕೊಂಡು ಹೊರಟ. ಜವರಮ್ಮ ಬಾಗಿಲಲ್ಲೇ ಅದನ್ನ ಕಿತ್ಕೊಂಡು, "ಸದ್ಯ ಬಚಾವಾದೆ" ಅಂತ ಉಸಿರು ಬಿಟ್ಟಳು.

ಮಣಿ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಕಾಫಿ ತಂದು ನಿಂತಳು. ಮಾಯಣ್ಣಂಗೆ ಕಣ್ಣು ಕೀಳೋಕೇ ಆಗ್ಲಿಲ್ಲ.

"ಏನಪ್ಪಾ, ಹುಡುಗಿ ಒಪ್ಪಿಗೆಯೋ?" ಅಂದ ಹೊಂಬಾಳಯ್ಯ.

ಹೂಂ ಅನ್ನೋಕೆ ಬಾಯಿ ಬಿಟ್ಟ. ತಟ್ಟಂತ ಮಾವನ ಮಾತು ನೆನಪಾಯ್ತು. ಎದ್ದ. ಮೂಲೇಲಿದ್ದ ಬಿಂದಿಗೆ ಎತ್ತಿದ. ಮಣಿ ನೆತ್ತಿ ಮೇಲೆ ಬಳಬಳ ಸುರಿದ!

"ಅಪ್ಪಯ್ಯಾ! ಇವನಿಗೇನು ಹುಚ್ಚಾ!" ಅಂತ ಕಿರುಚಿದಳು ಮಣಿ.

"ಶ್! ಯಾರೂ ಮಾತಾಡ್ಬೇಡಿ!" ಅಂತ ಮಾಯಣ್ಣ ಅವಳ ಸುತ್ತ ಒಂದು ಸುತ್ತು ಬಂದು, ಬಗ್ಗಿ ನೋಡಿದ. ನೀರೆಲ್ಲ ಸೀರೆಯಿಂದ ನೆಲಕ್ಕೆ, ನೆಲದಿಂದ ಹೊಸಲಿಗೆ, ಹೊಸಲಿಂದ ಬೀದಿಗೆ ಹೋಯ್ತು. ಪಾಪ, ಅವನಿಗೆ ಅಳು ಬಂತು. ಮಾವನ ಎರಡೂ ಕೈ ಹಿಡ್ಕೊಂಡು ಬಿಕ್ಕಿದ:

"ಹುಡುಗಿ ಚಿನ್ನ ಮಾವ. ಆದ್ರೆ ಏನ್ಮಾಡ್ಲಿ, ಕಕ್ಕಸಿಗೆ ಆಗಲ್ಲ!"