ಮೂರು ಹರದಾರಿ ಹಾರುವ ಬಾಣ

“ಕೆಂಗೋಟೆಯವನ ಬೆಂಕಿಬಾಣ ಎರಡು ಹರದಾರಿ ಹಾರಿತಂತೆ. ನಮ್ಮದು ಮೂರು ಹರದಾರಿ ಹಾರಬೇಕು!” ಎಂದು ಬಿಳಿಕಲ್ಲು ದುರ್ಗದ ಪಾಳೆಯಗಾರ ಬಸವಂತ ನಾಯಕರು ಮೀಸೆ ತಿರುವಿದರು.

ನೆರೆಯ ಕೆಂಗೋಟೆಯ ಪಾಳೆಯಗಾರನ ಜೊತೆ ಈ ಪೈಪೋಟಿ ಶುರುವಾಗಿ ವರ್ಷವಾಗಿತ್ತು. ಇವರ ಬಾಣ ಕೆರೆ ದಾಟಿದರೆ ಅವನದು ಗುಡ್ಡ ದಾಟುತ್ತಿತ್ತು. ಅವನದು ಗುಡ್ಡ ದಾಟಿದ ದಿನ ನಾಯಕರಿಗೆ ಊಟ ಸೇರುತ್ತಿರಲಿಲ್ಲ. ಬಾಣದ ಕೊಳವೆಗೆ ಕಬ್ಬಿಣ ಸಾಲದೆ, ಈಗ ರೈತರ ನೇಗಿಲಿನ ಗುಳಗಳನ್ನೇ ಕಿತ್ತು ತಂದು ಕುಲುಮೆಯ ಮುಂದೆ ರಾಶಿ ಹಾಕಿದ್ದರು. ಮುಂಗಾರು ಇನ್ನೇನು ಬರುವುದರಲ್ಲಿತ್ತು.

ಆ ರಾಶಿ ನೋಡಿ ಆಸ್ಥಾನದ ಮಂತ್ರಿ ಮಲ್ಲರಸಯ್ಯ ಚಿಂತೆಗೆ ಬಿದ್ದ. ಉಳುಮೆ ನಿಂತರೆ ಜನ ಏನು ತಿನ್ನಬೇಕು, ಬಾಣಕ್ಕೆ ತುಂಬುವ ಮದ್ದಿನ ಪುಡಿಯನ್ನೇ? ಆದರೆ ‘ಬೇಡ’ ಎಂದರೆ ನಾಯಕರ ಹಠ ದುಪ್ಪಟ್ಟಾಗುವುದು ಅವನಿಗೆ ಗೊತ್ತಿತ್ತು. ನಡುಬಗ್ಗಿಸಿ ಕೈಮುಗಿದ.

“ಒಳ್ಳೆಯ ಯೋಚನೆ ಪ್ರಭು. ಬಾಣ ಎಲ್ಲಿ ಬೀಳಬೇಕೆಂದು ಅಪ್ಪಣೆಯಾದರೆ ಈಗಲೇ ಕುಲುಮೆ ಹೊತ್ತಿಸುತ್ತೇನೆ.”

“ಇನ್ನೆಲ್ಲಿ? ಮೂಡಣಕ್ಕೆ, ಕೆಂಗೋಟೆಯವನ ತಲೆಯ ಮೇಲೆ!”

“ಕೆಂಗೋಟೆ ಇರುವುದು ಒಂದೇ ಹರದಾರಿಯಲ್ಲಿ. ಅಲ್ಲಿಗೆ ನಮ್ಮ ಹಳೇ ಬಾಣವೇ ಸಾಕು. ಮೂರು ಹರದಾರಿಯದು ಅವರನ್ನು ದಾಟಿ ಹೊನ್ನೂರು ಪಾಳೆಯದಲ್ಲಿ ಬೀಳುತ್ತದೆ.”

“ಬೀಳಲಿ ಬಿಡಯ್ಯ!”

ಪರದೆಯ ಹಿಂದೆ ಬಳೆಗಳು ಝಲ್ಲೆಂದವು. “ಬೀಳಲಿ ಅಂದಿರಾ? ಅದು ನನ್ನ ತವರು!” ಎಂದರು ರಾಣಿ ಗೌರಾಜಮ್ಮ. “ಯುಗಾದಿಗೆ ನಮ್ಮಪ್ಪ ನಿಮಗೆ ಜರಿಪೇಟ ಕಳಿಸಿದ್ದು ಇದಕ್ಕೇನಾ?”

ನಾಯಕರ ಮೀಸೆ ಸ್ವಲ್ಪ ಇಳಿಯಿತು. “ಹಾಗಾದರೆ... ಪಡುವಣಕ್ಕೆ ತಿರುಗಿಸು.”

“ಅಲ್ಲಿ ತಮ್ಮ ತಂಗಿಯವರನ್ನು ಕೊಟ್ಟಿದೆ. ತೊಟ್ಟಿಲಲ್ಲಿ ತಮ್ಮ ಸೋದರಳಿಯ ಮಲಗಿದ್ದಾನೆ.”

“ತೆಂಕಣಕ್ಕೆ?”

“ತಮ್ಮ ಸೋದರಮಾವಂದಿರ ಮನೆ. ಬಡಗಣದವರಿಗೆ ಹೋದ ತಿಂಗಳು ತಾವೇ ಮಗಳ ನಿಶ್ಚಯದ ವೀಳ್ಯ ಕೊಟ್ಟಿದ್ದೀರಿ.”

ಪಾಳೆಯಗಾರರು ಹೆಣ್ಣು ಕೊಡುವುದೂ ತರುವುದೂ ಪಾಳೆಯಗಾರರಲ್ಲೇ ತಾನೆ! ಅಕ್ಕಪಕ್ಕದವರ ಜೊತೆ ಗಡಿಜಗಳ, ಅವರ ಆಚೆಯವರ ಜೊತೆ ಬೀಗತನ. ತಲೆತಲಾಂತರದಿಂದ ನಡೆದು ಬಂದದ್ದೇ ಹೀಗೆ.

“ಅಂದರೆ ಈ ಬಾಣ ಮಾಡಲೇಬಾರದು ಅನ್ನುತ್ತೀಯಾ?” ನಾಯಕರು ಗುರುಗುಟ್ಟಿದರು.

“ಛೆ, ಎಲ್ಲಾದರೂ ಉಂಟೇ! ಯಾವ ಬೀಗರು ಬೇಡವೆಂದು ರಾಣಿಯವರನ್ನು ಒಂದು ಮಾತು ಕೇಳಿ ಹೇಳಿಬಿಡಿ, ಸಾಕು.”

ನಾಯಕರು ಪರದೆಯತ್ತ ನೋಡಿದರು. ಅದರ ಹಿಂದೆ ಬಳೆಗಳು ಮತ್ತೊಮ್ಮೆ ಝಲ್ಲೆಂದವು. ನಾಯಕರು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಆ ಗುಳಗಳನ್ನು ಇವತ್ತೇ ರೈತರಿಗೆ ಕೊಟ್ಟುಬಿಡಿ!” ಎಂದು ಅಪ್ಪಣೆ ಮಾಡಿ, ಹೆಗಲ ಶಾಲು ತೆಗೆದು ಮಲ್ಲರಸಯ್ಯನಿಗೆ ಹೊದಿಸಿದರು. ಆದರೂ ಒಳಗೊಳಗೆ ಒಂದು ಅಳುಕು.

“ಅಲ್ಲವಯ್ಯಾ, ಕೆಂಗೋಟೆಯವನು ನಾಳೆ ನಾಲ್ಕು ಹರದಾರಿಯದು ಮಾಡಿಬಿಟ್ಟರೆ?”

“ಮಾಡಲಿ ಪ್ರಭು,” ಎಂದ ಮಲ್ಲರಸಯ್ಯ ಶಾಲು ಸರಿಮಾಡಿಕೊಳ್ಳುತ್ತಾ. “ಅದು ಬೀಳುವ ಕಡೆ ಅವರಿಗೂ ಒಬ್ಬ ಮಾವ ಇದ್ದೇ ಇರುತ್ತಾರೆ.”