ತಲೆ ತಗ್ಗಿಸಿದ ತೂಗುದಾಸವಾಳ

ಒಂದು ಪುಟ್ಟ ಸಂಸ್ಥಾನದ ದಿವಾನರ ಬಂಗಲೆಯಲ್ಲಿ ಮುನಿಶಾಮಪ್ಪ ಎಂಬ ಮಾಲಿ ಇದ್ದ. ಹಾರ ಕಟ್ಟುವವರ ಮನೆಯಲ್ಲಿ ಹುಟ್ಟಿದವನು. ಹೂವಿನ ಮುಖ ಯಾವಾಗಲೂ ನೋಡುವವರ ಕಡೆಗಿರಬೇಕು ಎಂಬುದು ಅಪ್ಪ ಅವನಿಗೆ ಕಲಿಸಿದ ಮೊದಲ ಪಾಠ.

ಅಂಥವನ ಕೈಗೆ ದೂರದೇಶದಿಂದ ಹಡಗಿನಲ್ಲಿ ಬಂದ ತೂಗುದಾಸವಾಳದ ಗಿಡ ಸಿಕ್ಕಿತು. ಮೂರು ವರ್ಷ ಮಗುವಿನಂತೆ ಸಾಕಿದ. ಗಿಡ ಆಳೆತ್ತರ ದಾಟಿ, ಕೊಡೆಯಂತೆ ಬಾಗಿ, ಮೈತುಂಬ ಹೂ ಬಿಟ್ಟಿತು. ಏನು ಬಂತು? ಹೂವೆಲ್ಲ ನೆಲಕ್ಕೆ ಮುಖ ಮಾಡಿ ನೇತಾಡುತ್ತಿದ್ದವು!

ಊರೇ ತಮ್ಮ ಮುಂದೆ ತಲೆ ಬಾಗಿದರೆ ಹಿಗ್ಗುತ್ತಿದ್ದ ದಿವಾನರಿಗೆ ಗಿಡ ಬಾಗಿದ್ದು ಮಾತ್ರ ಸಹಿಸಲಾಗಲಿಲ್ಲ, ನೋಡಿ.

"ಏನಯ್ಯ ಇದು, ಕದ್ದು ಸಿಕ್ಕಿಬಿದ್ದವರ ಹಾಗೆ ನಿಂತಿದೆ! ನಾಳೆ ಬೆಳಗ್ಗೆ ಅಮ್ಮನನ್ನ ತೋಟಕ್ಕೆ ಕರೆತರ್ತೀವಿ. ಅಷ್ಟರಲ್ಲಿ ಹೂ ತಲೆ ಎತ್ತಿರಬೇಕು. ಇಲ್ಲದಿದ್ರೆ ಗಿಡ ಕಿತ್ತು ಒಲೆಗೆ ಹಾಕು" ಎಂದರು.

ಮುನಿಶಾಮಪ್ಪ ಮರುದಿನ ಬೆಳಕು ಹರಿಯುತ್ತಲೇ ಬಾಳೆನಾರು ನೆನೆಸಿಕೊಂಡು ಕೂತ. ಒಂದೊಂದು ಹೂವಿಗೂ ಬಿದಿರುಕಡ್ಡಿ ಆನಿಸಿ, ಮುಖ ಮೇಲೆತ್ತಿ ಕಟ್ಟಿದ. ನಾಲ್ಕಾರು ತೊಟ್ಟು ಮುರಿದವು. ಆದರೂ ಗಿಡ ಉಳಿದರೆ ಸಾಕು ಎಂದು ಕಟ್ಟುತ್ತಲೇ ಹೋದ.

ದಿವಾನರ ತಾಯಿ ಸೊಂಟ ಮುರಿದುಕೊಂಡು ವರ್ಷದಿಂದ ಹಾಸಿಗೆ ಹಿಡಿದಿದ್ದರು. ಆಳುಗಳು ಅವರನ್ನು ಮಂಚದ ಸಮೇತ ಹೊತ್ತು ತಂದರು. ಬಿಸಿಲು ತಾಗದಿರಲೆಂದು ಅದೇ ಗಿಡದ ನೆರಳಿನಲ್ಲಿ ಇಳಿಸಿದರು.

ಅಂಗಾತ ಮಲಗಿದ್ದ ಮುದುಕಿ ಮೇಲೆ ನೋಡಿ, "ಹೂವಿನ ಗಿಡ ಅಂದ್ರಲ್ಲೋ! ನಂಗೆ ಬರೀ ನಾರು, ಕಡ್ಡಿ ಕಾಣ್ತಿದೆ" ಎಂದರು.

"ತಲೆ ಎತ್ತಲಿ ಅಂತ ನಾನೇ ಕಟ್ಟಿದೀನಿ, ಅಮ್ಮಾವ್ರೆ."

"ಬಿಚ್ಚಪ್ಪ."

ಮುನಿಶಾಮಪ್ಪ ಮಂಚದ ಪಕ್ಕದಲ್ಲಿ ನಿಂತಿದ್ದ ದಿವಾನರ ಕಡೆ ನೋಡಿದ. ಅವರ ಮುಖ ಗಂಟಿಕ್ಕಿತ್ತು. ಬಿಚ್ಚಿದರೆ ಗಿಡ ಒಲೆಗೆ! ಆದರೂ ಆ ಹಿರಿಜೀವದ ಮಾತು ಮೀರಲಾಗಲಿಲ್ಲ. ಒಂದೊಂದಾಗಿ ನಾರು ಕತ್ತರಿಸತೊಡಗಿದ. ಒಂದು ಹೂ ತೂಗಿ ಕೆಳಗಿಳಿದು, ಮುದುಕಿಯ ಮುಖದ ನೇರಕ್ಕೆ ಬಂದು ನಿಂತಿತು. ಇನ್ನೊಂದು ಇಳಿಯಿತು. ಮತ್ತೊಂದು.

ಮುದುಕಿಯ ಕಣ್ಣಂಚಿನಲ್ಲಿ ನೀರು ಹರಿಯಿತು. "ವರ್ಷದಿಂದ ಸೂರಿನ ಜಂತೆ ಎಣಿಸ್ತಾ ಮಲಗಿದ್ದೆ ಕಣೋ. ಬೇರೆ ಹೂವೆಲ್ಲ ನಿಂತವರಿಗೆ. ಇದೊಂದು ಮಲಗಿದವಳ ಮುಖ ನೋಡ್ತಿದೆ. ಬಾ ಮಗನೇ, ಇಲ್ಲಿಂದ ನೋಡು."

ದಿವಾನರು ಮೊದಲು ಮಂಡಿಯೂರಿದರು. ಸಾಲದೆ ಹೋಯಿತು. ಜರಿಪೇಟ ತೆಗೆದಿಟ್ಟು ಹುಲ್ಲಿನ ಮೇಲೆ ಅಂಗಾತ ಮಲಗಿದರು. ಮುನಿಶಾಮಪ್ಪನೂ ಬಗ್ಗಿ ಒಳಗೆ ಇಣುಕಿದ.

ಅಬ್ಬಾ! ಬಿಸಿಲು ಎಸಳುಗಳೊಳಗಿಂದ ಹಾದು ಬರುತ್ತಿತ್ತು. ಎಸಳಿನ ಅಂಚೆಲ್ಲ ಕತ್ತರಿಯಲ್ಲಿ ಚಿತ್ತಾರ ತೆಗೆದಂತಿತ್ತು. ನೆತ್ತಿಯ ಮೇಲೆ ಕೆಂಪು ದೀಪ ಹಚ್ಚಿಟ್ಟ ಹಾಗೆ. ಮೂರು ವರ್ಷ ನೀರೆರೆದ ಗಿಡವನ್ನು ಮುನಿಶಾಮಪ್ಪ ಕಂಡದ್ದು ಅಂದೇ ಮೊದಲು.

ದಿವಾನರು ಮಲಗಿದ್ದಲ್ಲಿಂದಲೇ ಮೆಲ್ಲಗೆ ಹೇಳಿದರು: "ಉಳಿದವನ್ನೂ ಬಿಚ್ಚಯ್ಯ. ನೋವಾಗದ ಹಾಗೆ ಬಿಚ್ಚು."

ನೀತಿ: ತಲೆ ತಗ್ಗಿಸಿದ್ದೆಲ್ಲ ಕುಂದಲ್ಲ. ತಿದ್ದಲು ಕೈ ಹಾಕುವ ಮೊದಲು, ಅದು ಯಾರ ಕಡೆ ನೋಡುತ್ತಿದೆ ಎಂದು ತಿಳಿಯಿರಿ. ಅದಕ್ಕಾಗಿ ನೆಲಕ್ಕೆ ಮೈ ಚಾಚಬೇಕಾದರೆ, ನಾಚದೆ ಚಾಚಿ.